ಉತ್ತರ ಕನ್ನಡದಿಂದ ಆನ್‌ಲೈನ್ ಪಾಠ: ಯಾವ ವೇದಿಕೆ ಯಾರಿಗೆ ಹೊಂದುತ್ತದೆ

ಕಾರವಾರದಲ್ಲೋ ಕುಮಟಾದಲ್ಲೋ ಶಿರಸಿ ಕಡೆಯ ಹಳ್ಳಿಯೊಂದರಲ್ಲೋ ಇದ್ದುಕೊಂಡು, ಯಾವ ಸಂಸ್ಥೆಯ ನೌಕರಿಗೂ ಸೇರದೆ, ಆನ್‌ಲೈನ್‌ನಲ್ಲಿ ಪಾಠ ಹೇಳಿ ಸಂಪಾದಿಸಬೇಕೆನ್ನುವವರ ಮುಂದೆ ಈಗ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಶಿಕ್ಷಕರ ಪಟ್ಟಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು ಪ್ರತಿ ಪಾಠದ ಹಣದಲ್ಲಿ ಪಾಲು ತೆಗೆದುಕೊಳ್ಳುವ ವೇದಿಕೆಗಳು ಒಂದು ಬಗೆ. ಪಾಠ ಬೇಕೆನ್ನುವವರ ಸಂಪರ್ಕವನ್ನಷ್ಟೇ ಒದಗಿಸಿ, ಮುಂದಿನದನ್ನು ನಿಮ್ಮಿಬ್ಬರಿಗೇ ಬಿಟ್ಟುಬಿಡುವ ತಾಣಗಳು ಇನ್ನೊಂದು ಬಗೆ. ತಾವೇ ದರ ಗೊತ್ತುಮಾಡಿ ಗಂಟೆ ಲೆಕ್ಕದಲ್ಲಿ ಹಣ ಕೊಡುವ ಕಂಪನಿಗಳು ಮೂರನೆಯವು. ಯಾರ ಹಂಗೂ ಇಲ್ಲದೆ ಗೂಗಲ್ ಮೀಟ್, ವಾಟ್ಸ್‌ಆ್ಯಪ್, ಯುಪಿಐ ಇಟ್ಟುಕೊಂಡು ತಾವೇ ನಡೆಸಿಕೊಂಡು ಹೋಗುವುದು ನಾಲ್ಕನೆಯ ದಾರಿ.

ಇವುಗಳಲ್ಲಿ ಒಂದನ್ನು ಆರಿಸುವಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಕಮಿಷನ್ ಎಷ್ಟು ಎಂದು. ನನ್ನ ದೃಷ್ಟಿಯಲ್ಲಿ ಅದು ಮೂರನೆಯ ಪ್ರಶ್ನೆ. ಒಬ್ಬ ವಿದ್ಯಾರ್ಥಿ ಎಷ್ಟು ತಿಂಗಳು ಉಳಿಯುತ್ತಾನೆ ಎಂಬುದು ಮೊದಲನೆಯದು. ಪಾಠ ಅರ್ಧಕ್ಕೆ ನಿಂತರೆ ಅದರ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದು ಎರಡನೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟನ್ನು ನೆಚ್ಚಿಕೊಳ್ಳಲಾಗದ ನಮ್ಮ ಜಿಲ್ಲೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಬೆಂಗಳೂರಿನಲ್ಲಿ ಇರದಷ್ಟು ಬೆಲೆಯಿದೆ.

ಪಾಠಕ್ಕಿಷ್ಟೆಂದು ಕಮಿಷನ್ ಮುರಿದುಕೊಳ್ಳುವ ವೇದಿಕೆಗಳು

ಭಾಷೆ ಕಲಿಸುವವರಿಗೆ ಪ್ರೆಪ್ಲಿ, ಐಟಾಕಿಯಂಥ ಅಂತರರಾಷ್ಟ್ರೀಯ ವೇದಿಕೆಗಳ ಹೆಸರು ಗೊತ್ತೇ ಇರುತ್ತದೆ. ಇಲ್ಲಿ ಶಿಕ್ಷಕರು ತಮ್ಮ ದರವನ್ನು ತಾವೇ ಇಟ್ಟುಕೊಳ್ಳುತ್ತಾರೆ, ವಿದ್ಯಾರ್ಥಿ ಮುಂಗಡವಾಗಿ ಹಣ ಕಟ್ಟುತ್ತಾನೆ, ಪಾಠ ಮುಗಿದ ಮೇಲೆ ವೇದಿಕೆ ತನ್ನ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಶಿಕ್ಷಕರ ಖಾತೆಗೆ ಜಮಾ ಮಾಡುತ್ತದೆ. ಐಟಾಕಿ ಬಹುಕಾಲ ಶೇ. 15ರ ಒಂದೇ ದರವನ್ನು ಇಟ್ಟುಕೊಂಡಿತ್ತು. ಪ್ರೆಪ್ಲಿಯ ಪದ್ಧತಿ ಬೇರೆ: ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ಟ್ರಯಲ್ ಪಾಠದ ಪೂರ್ತಿ ಹಣ ವೇದಿಕೆಗೇ ಹೋಗುತ್ತದೆ, ಅನಂತರದ ಪಾಠಗಳಲ್ಲಿ ಕಮಿಷನ್ ಶೇ. 33ರಿಂದ ಆರಂಭವಾಗಿ, ಕಲಿಸಿದ ಗಂಟೆಗಳು ಹೆಚ್ಚಿದಂತೆ ಇಳಿಯುತ್ತ, 400 ಗಂಟೆ ದಾಟಿದವರಿಗೆ ಶೇ. 18ಕ್ಕೆ ಬಂದು ನಿಲ್ಲುತ್ತದೆ. ಇಂಥ ದರಗಳು ಬದಲಾಗುತ್ತಿರುತ್ತವೆ. ಖಾತೆ ತೆರೆಯುವ ದಿನ ನಿಯಮಗಳ ಪುಟವನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ಶೇಕಡಾವಾರು ಅಂಕಿಯನ್ನಷ್ಟೇ ನೋಡಿದರೆ ತಿಳಿಯದ ಸಂಗತಿಯೊಂದು ಇಲ್ಲಿದೆ. ಗಂಟೆಗೆ 10 ಡಾಲರ್ ದರ ಇಟ್ಟುಕೊಂಡ ಶಿಕ್ಷಕಿಯೊಬ್ಬರು ಒಟ್ಟು 12 ಗಂಟೆ ಕಲಿಸಿದರು ಎಂದಿಟ್ಟುಕೊಳ್ಳಿ, ಟ್ರಯಲ್ ಪಾಠವೂ ಒಂದು ಗಂಟೆಯದೇ ಎನ್ನಿ. ಆ 12 ಗಂಟೆಯೂ ಒಬ್ಬನೇ ವಿದ್ಯಾರ್ಥಿಯದಾದರೆ ಮೊದಲ ಪಾಠ ಕಳೆದು 11 ಪಾಠಗಳಿಗೆ ತಲಾ 6.70 ಡಾಲರಿನಂತೆ 73.70 ಡಾಲರ್ ಕೈಗೆ ಬರುತ್ತದೆ. ಅದೇ 12 ಗಂಟೆ ನಾಲ್ವರು ವಿದ್ಯಾರ್ಥಿಗಳದಾಗಿ, ಒಬ್ಬೊಬ್ಬರೂ ಮೂರು ಪಾಠಕ್ಕೇ ಬಿಟ್ಟುಹೋದರೆ ನಾಲ್ಕು ಟ್ರಯಲ್‌ಗಳು ಕಳೆದು 8 ಪಾಠಗಳ 53.60 ಡಾಲರ್ ಮಾತ್ರ ಉಳಿಯುತ್ತದೆ, ಅಂದರೆ ಗಂಟೆಗೆ ನಾಲ್ಕೂವರೆ ಡಾಲರಿಗೂ ಕಡಿಮೆ. ದರವೂ ಅದೇ, ದುಡಿಮೆಯೂ ಅದೇ. ಹೀಗಾಗಿ ಮೊದಲ ಪಾಠವನ್ನು ಪೂರ್ತಿ ನುಂಗುವ ವೇದಿಕೆಯಲ್ಲಿ, ಪರೀಕ್ಷೆಗೆ ಹದಿನೈದು ದಿನ ಇರುವಾಗ ಸಂದೇಹ ಕೇಳಿಕೊಳ್ಳಲು ಬರುವ ವಿದ್ಯಾರ್ಥಿಗಳನ್ನು ನಂಬಿ ಕೂರುವುದು ಸರಿಯಲ್ಲ. ಅಂಥವರಿಗೆ ಒಂದೇ ದರದ ವೇದಿಕೆಯೇ ವಾಸಿ.

ಕನ್ನಡ ಕಲಿಸಬಯಸುವವರಿಗೆ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಮುಖ್ಯವಾಗುತ್ತದೆ. ಹೊರಗಿನಿಂದ ಕನ್ನಡ ಕಲಿಯಲು ಬರುವವರಲ್ಲಿ ಸ್ಥೂಲವಾಗಿ ಮೂರು ತರಹದವರಿರುತ್ತಾರೆ: ಕೆಲಸಕ್ಕಾಗಿ ಬೆಂಗಳೂರಿಗೆ ಬಂದವರು, ಕನ್ನಡದ ಮನೆಗೆ ಮದುವೆಯಾಗಿ ಬಂದವರು, ವಿದೇಶದಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮವರ ಮಕ್ಕಳು. ಮೊದಲನೆಯವರು ಆಟೋದವರೊಡನೆ ಮಾತಾಡುವಷ್ಟು, ಅಂಗಡಿಯಲ್ಲಿ ಕೊಳ್ಳುವಷ್ಟು ಬಂದೊಡನೆ ನಿಲ್ಲಿಸುವುದೇ ಹೆಚ್ಚು. ಅತ್ತೆ ಮಾವನ ಜೊತೆ ನಾಲ್ಕು ಮಾತಾಡಬೇಕೆನ್ನುವವರು ಇನ್ನಷ್ಟು ದಿನ ಉಳಿಯುತ್ತಾರೆ. ಮಕ್ಕಳು ಉಳಿಯುವುದು ತಂದೆ ತಾಯಿಯ ಹಟದಿಂದ, ಆ ಹಟ ವರ್ಷಗಟ್ಟಲೆ ನಡೆಯಬಹುದು. ಪ್ರೊಫೈಲ್ ಬರೆಯುವಾಗ ಈ ಮೂವರಲ್ಲಿ ಯಾರನ್ನು ಉದ್ದೇಶಿಸಿದ್ದೇವೆ ಎಂಬುದು ಮೊದಲ ಎರಡು ಸಾಲಿನಲ್ಲೇ ಗೊತ್ತಾಗಬೇಕು.

ಪರಿಚಯದ ವಿಡಿಯೊ ಈ ವೇದಿಕೆಗಳಲ್ಲಿ ಅಂಗಡಿಯ ಮುಂಬಾಗಿಲಿದ್ದಂತೆ, ಅಲ್ಲಿ ಎಂ.ಎ., ಬಿ.ಎಡ್. ಎಂದು ಪದವಿಗಳನ್ನು ಹೇಳಿಕೊಳ್ಳುತ್ತ ನಿಮಿಷ ಕಳೆಯುವುದಕ್ಕಿಂತ ಒಂದು ಚಿಕ್ಕ ಪಾಠವನ್ನೇ ಮಾಡಿ ತೋರಿಸುವುದು ಒಳ್ಳೆಯದು. ಚಹಾದ ಲೋಟವನ್ನು ಕ್ಯಾಮೆರಾದ ಮುಂದೆ ಹಿಡಿದು ‘ನನಗೆ ಚಹಾ ಬೇಕು’ ಎಂದು, ಪಕ್ಕಕ್ಕೆ ಸರಿಸಿ ‘ನನಗೆ ಚಹಾ ಬೇಡ’ ಎಂದು, ಆಮೇಲೆ ಲೋಟದ ಜಾಗಕ್ಕೆ ನೀರು, ಊಟ, ಪುಸ್ತಕಗಳನ್ನು ತಂದು, ನೋಡುವವರಿಂದಲೇ ವಾಕ್ಯ ಹೇಳಿಸಿದರೆ ಒಂದೂವರೆ ನಿಮಿಷದಲ್ಲಿ ಅವರು ಕನ್ನಡ ಮಾತಾಡಿಬಿಟ್ಟಿರುತ್ತಾರೆ. ವಿಡಿಯೊವನ್ನು ಡಿಸೆಂಬರ್, ಜನವರಿಯಲ್ಲೇ ಮಾಡಿಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ ಕುಳಿತು ರೆಕಾರ್ಡ್ ಮಾಡಿದರೆ ಮಳೆಯ ಸದ್ದಿನಲ್ಲಿ ‘ಬೇಕು’ ಯಾವುದು, ‘ಬೇಡ’ ಯಾವುದು ಎಂದು ನಮಗೇ ತಿಳಿಯುವುದಿಲ್ಲ.

ಈ ಬಗೆಯ ವೇದಿಕೆಯ ದೊಡ್ಡ ಮಿತಿಯೆಂದರೆ ವಿದ್ಯಾರ್ಥಿ ನಿಮ್ಮವನಲ್ಲ. ಫೋನ್ ನಂಬರ್ ಕೊಡುವುದು, ಹೊರಗಡೆ ಹಣ ತೆಗೆದುಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತಾರೆ. ವರ್ಷಗಟ್ಟಲೆ ಕೂಡಿಸಿಕೊಂಡ ಒಳ್ಳೆಯ ರಿವ್ಯೂಗಳೂ ಅಲ್ಲೇ ಉಳಿಯುತ್ತವೆ, ಇನ್ನೊಂದು ವೇದಿಕೆಗೆ ಹೋದಾಗ ಜೊತೆಗೆ ಬರುವುದಿಲ್ಲ.

ಸಂಪರ್ಕ ಮಾತ್ರ ಕೊಡುವ ತಾಣಗಳು

ಅರ್ಬನ್‌ಪ್ರೊದಂಥ ತಾಣಗಳಲ್ಲಿ ಪಾಠದ ಹಣಕ್ಕೆ ತಾಣ ಕೈಹಾಕದೆ, ವಿದ್ಯಾರ್ಥಿಯ ಸಂಪರ್ಕ ಪಡೆಯಲು ಶಿಕ್ಷಕರಿಂದಲೇ ಹಣ ಪಡೆಯುವ ಪದ್ಧತಿಯಿದೆ. ಫ್ರಾನ್ಸ್ ಮೂಲದ ಸೂಪರ್‌ಪ್ರೊಫ್‌ನಲ್ಲಿ ಶಿಕ್ಷಕರನ್ನು ಸಂಪರ್ಕಿಸಲು ವಿದ್ಯಾರ್ಥಿಯೇ ಪಾಸ್ ಕೊಳ್ಳುತ್ತಾನೆ. ಎರಡರಲ್ಲೂ ಒಮ್ಮೆ ಪರಿಚಯವಾದ ಮೇಲೆ ಫೀಸು, ಸಮಯ, ರಜೆ ಎಲ್ಲವೂ ನಿಮ್ಮಿಬ್ಬರ ಮಾತು.

ಇಲ್ಲಿಯೂ ಲೆಕ್ಕ ನಿಲ್ಲುವುದು ವಿದ್ಯಾರ್ಥಿ ಉಳಿಯುವ ಅವಧಿಯ ಮೇಲೆಯೇ. ಒಂದು ಸಂಪರ್ಕಕ್ಕೆ 100 ರೂಪಾಯಿ ಬಿದ್ದು, ಎಂಟು ಜನರನ್ನು ಮಾತಾಡಿಸಿದ ಮೇಲೆ ಒಬ್ಬರು ಸೇರಿದರು ಎಂದಾದರೆ ಆ ವಿದ್ಯಾರ್ಥಿಗೆ ನಿಮ್ಮ ಖರ್ಚು 800 ರೂಪಾಯಿ. ತಿಂಗಳಿಗೆ 3,000 ರೂಪಾಯಿಯಂತೆ ಜೂನ್‌ನಿಂದ ಫೆಬ್ರುವರಿವರೆಗೆ ಪಿಯು ಭೌತಶಾಸ್ತ್ರ ಕಲಿಯುವವನಾದರೆ 27,000 ರೂಪಾಯಿಯ ಎದುರು ಈ 800 ಏನೂ ಅಲ್ಲ. ಒಂದೇ ತಿಂಗಳಿಗೆ ಬಿಟ್ಟರೆ ನಾಲ್ಕನೆಯ ಒಂದಂಶಕ್ಕಿಂತ ಹೆಚ್ಚು ಹೋಯಿತು. ಆದ್ದರಿಂದ ಈ ತಾಣಗಳಿಗೆ ಹಣ ಹಾಕುವುದಿದ್ದರೆ ಸಿಬಿಎಸ್‌ಇ ಮಕ್ಕಳಿಗೆ ಏಪ್ರಿಲ್‌ನಲ್ಲಿ, ರಾಜ್ಯ ಪಠ್ಯಕ್ರಮದವರಿಗೆ ಜೂನ್‌ನಲ್ಲಿ ಹಾಕಬೇಕು; ವರ್ಷವಿಡೀ ಸದಸ್ಯತ್ವ ನವೀಕರಿಸುತ್ತ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಮ್ಮಲ್ಲಿಯ ಪಿಯು ವಿಜ್ಞಾನದ ಶಿಕ್ಷಕರಿಗೆ ಇಲ್ಲೊಂದು ಅನುಕೂಲವಿದೆ. ಕರ್ನಾಟಕದ ಪಿಯು ವಿಜ್ಞಾನ ವಿಭಾಗದಲ್ಲಿ ಎನ್‌ಸಿಇಆರ್‌ಟಿ ಪಠ್ಯವೇ ಇರುವುದರಿಂದ, ಶಿರಸಿಯಲ್ಲಿ ದ್ವಿತೀಯ ಪಿಯುಗೆ ಕಲಿಸಿದವರು ಪುಸ್ತಕ ಬದಲಿಸದೆಯೇ ಪುಣೆಯ ಅಥವಾ ದುಬೈಯ ಸಿಬಿಎಸ್‌ಇ ಹನ್ನೆರಡನೆಯ ತರಗತಿಗೂ ಕಲಿಸಬಹುದು. ಪ್ರಶ್ನೆಪತ್ರಿಕೆಯ ಧಾಟಿಯನ್ನಷ್ಟೇ ಬೇರೆಯಾಗಿ ಅಭ್ಯಾಸ ಮಾಡಿಕೊಂಡರಾಯಿತು. ಕನ್ನಡ ಮಾಧ್ಯಮದ ಹತ್ತನೆಯ ತರಗತಿಯವರಿಗೆ ಮಾತ್ರ ಈ ತಾಣಗಳಲ್ಲಿ ಬೇಡಿಕೆ ಕಾಣುವುದು ಅಪರೂಪ; ಅವರು ಊರಲ್ಲೇ ಸಿಗುತ್ತಾರೆ.

ಫೋನ್ ನಂಬರ್ ಹತ್ತಾರು ಕಡೆ ಹೋಗುವುದರಿಂದ ವಂಚಕರ ಕಾಟವೂ ಇಲ್ಲಿಯೇ ಹೆಚ್ಚು. ತಾನು ಸೇನೆಯವನು, ಮಗಳಿಗೆ ಗಣಿತದ ಟ್ಯೂಷನ್ ಬೇಕು, ಮೂರು ತಿಂಗಳ ಫೀಸನ್ನು ಈಗಲೇ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಕರೆ ದೇಶದೆಲ್ಲೆಡೆ ಶಿಕ್ಷಕರಿಗೆ ಬಂದಿದೆ. ಕದಂಬ ನೌಕಾನೆಲೆ ಪಕ್ಕದಲ್ಲೇ ಇರುವ ಕಾರವಾರದವರಿಗೆ ಆ ಮಾತು ಸಹಜವಾಗಿಯೇ ಕೇಳಿಸುತ್ತದೆ, ಅನುಮಾನ ಹುಟ್ಟುವುದಿಲ್ಲ. ಹಣ ಪಡೆಯಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಯುಪಿಐ ಪಿನ್ ಒತ್ತಬೇಕಾಗಿಯೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಹೋಗಿಯೇಬಿಟ್ಟರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೆಲಸ ಕೊಡಿಸುತ್ತೇವೆಂದು ಶಿಕ್ಷಕರಿಂದಲೇ ನೋಂದಣಿ ಠೇವಣಿ ಕೇಳುವವರನ್ನೂ ಇದೇ ಸಾಲಿಗೆ ಸೇರಿಸಬಹುದು.

ಗಂಟೆ ಲೆಕ್ಕದ ಕಂಪನಿಗಳು

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಠದ ಸಾಮಗ್ರಿ, ವಿದ್ಯಾರ್ಥಿ, ವೇಳಾಪಟ್ಟಿ ಎಲ್ಲವನ್ನೂ ಕಂಪನಿಯೇ ಒದಗಿಸುತ್ತದೆ, ದರವನ್ನೂ ಅದೇ ಹೇಳುತ್ತದೆ. ಎಂದೂ ಕ್ಯಾಮೆರಾ ಎದುರು ಪಾಠ ಮಾಡದವರಿಗೆ ಮೊದಲ ವರ್ಷ ರೂಢಿಯಾಗಲು ಇದು ಒಳ್ಳೆಯದೇ. ತರಬೇತಿಯ ವಾರಗಳಿಗೆ ಹಣ ಕೊಡುತ್ತಾರೆಯೇ, ಒಂದು ಕ್ಲಾಸ್ ತಪ್ಪಿದರೆ ಎಷ್ಟು ಕಡಿತ, ಬಿಟ್ಟುಹೋಗಲು ಎಷ್ಟು ದಿನ ಮೊದಲು ತಿಳಿಸಬೇಕು, ಸ್ವಂತ ವಿದ್ಯಾರ್ಥಿಗಳಿಗೆ ಪಾಠ ಹೇಳಬಾರದೆಂಬ ಷರತ್ತು ಇದೆಯೇ ಎಂಬುದನ್ನು ಒಪ್ಪಂದದಲ್ಲಿ ಹುಡುಕಿ ಓದಬೇಕು. ಕೋವಿಡ್ ಕಾಲದಲ್ಲಿ ಅಬ್ಬರಿಸಿದ ಇಂಥ ಕಂಪನಿಗಳಲ್ಲಿ ಹಲವು ಆಮೇಲೆ ಕುಗ್ಗಿದವು, ಕೆಲವು ಮುಚ್ಚಿಯೇಹೋದವು; ಬಾಕಿ ಹಣ ಎರಡು ತಿಂಗಳಿಗಿಂತ ಹೆಚ್ಚು ಬೆಳೆಯಲು ಬಿಡಬಾರದು.

ಸ್ವಂತ ವಿದ್ಯಾರ್ಥಿಗಳು

ಈ ದಾರಿಯಲ್ಲಿ ಕಮಿಷನ್ ಇಲ್ಲ ಎನ್ನುತ್ತಾರೆ, ನಿಜ. ಆದರೆ ದಾಕ್ಷಿಣ್ಯವೆಂಬ ಕಮಿಷನ್ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಬ್ಬರಾದರೂ ಬೆಂಗಳೂರಿನಲ್ಲಿಲ್ಲದ ಮನೆ ಸಿಗುವುದು ಕಷ್ಟ, ಭಟ್ಕಳ, ಹೊನ್ನಾವರದ ಕಡೆ ಗಲ್ಫ್‌ನಲ್ಲಿ ನೆಲೆಸಿದ ಕುಟುಂಬಗಳು ಎಷ್ಟೋ ಇವೆ. ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದರೆ ಮೊದಲ ಮೂರು ನಾಲ್ಕು ಮಕ್ಕಳು ಸಿಗುತ್ತಾರೆ. ಕಷ್ಟ ಶುರುವಾಗುವುದು ಎರಡನೆಯ ತಿಂಗಳು, ‘ಅಕ್ಕೋರೇ, ಮುಂದಿನ ತಿಂಗಳದ್ದಕ್ಕೆ ಸೇರಿಸಿ ಕೊಟ್ಟುಬಿಡ್ತೇನೆ’ ಎಂಬ ಸಂದೇಶ ಬಂದಾಗ. ಭಾವನ ಅಕ್ಕನ ಮಗನಿಗೆ ಫೀಸು ಕೇಳುವುದು ಹೇಗೆ ಎಂಬ ಸಂಕೋಚದಲ್ಲಿ ಒಂದು ತಿಂಗಳ ಫೀಸು ಮುಳುಗಿದರೆ ಅದು ಮೂರು ತಿಂಗಳ ಶೇ. 33 ಕಮಿಷನ್‌ಗೆ ಸಮವಾಯಿತು. ತಿಂಗಳ 5ನೇ ತಾರೀಖಿನೊಳಗೆ ಮುಂಗಡ ಎಂಬ ನಿಯಮವನ್ನು ಮೊದಲ ದಿನವೇ, ಎಲ್ಲರಿಗೂ ಒಂದೇ ರೀತಿ, ಬರೆದು ಕಳಿಸಬಲ್ಲವರು ಮಾತ್ರ ಈ ದಾರಿಗೆ ಹೋಗುವುದು ಒಳ್ಳೆಯದು. ಅದು ಸಾಧ್ಯವಿಲ್ಲದವರಿಗೆ ನಡುವೆ ಒಂದು ವೇದಿಕೆ ಇರುವುದೇ ನೆಮ್ಮದಿ.

ಸಾಧನಗಳ ಖರ್ಚು ಹೆಚ್ಚಿಲ್ಲ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಒಬ್ಬರಿಗೊಬ್ಬರು ಮಾತಾಡಲು ಹೆಚ್ಚುಕಡಿಮೆ ಮಿತಿಯೇ ಇಲ್ಲ, ಮೂವರು ಅಥವಾ ಹೆಚ್ಚು ಮಂದಿಯಾದರೆ 60 ನಿಮಿಷ. ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ. ಸಂಗೀತ ಕಲಿಸುವವರು ಮಾತ್ರ ಇಲ್ಲಿ ನಿಧಾನಿಸಿ ಯೋಚಿಸಬೇಕು. ಮಾತಿನ ಕರೆಗಾಗಿ ರೂಪಿಸಿದ ಸಾಫ್ಟ್‌ವೇರ್‌ಗಳು ಒಂದೇ ಸಮನೆ ಬರುವ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತವೆ, ಅದರಲ್ಲಿ ತಂಬೂರದ ಶ್ರುತಿಯೇ ಮಾಯವಾಗುತ್ತದೆ, ದೀರ್ಘವಾಗಿ ನಿಲ್ಲಿಸಿದ ಷಡ್ಜವೂ ನಡುನಡುವೆ ಕತ್ತರಿಸಿಹೋಗುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯನ್ನು ಇಬ್ಬರೂ ಹಾಕಿಕೊಂಡರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಧ್ವನಿ ತಲಪುವಲ್ಲಿಯ ತಡವನ್ನು ಮಾತ್ರ ಯಾವ ಆಯ್ಕೆಯೂ ನೀಗುವುದಿಲ್ಲ. ಗುರು ತಾಳ ಹಾಕಿ ಶಿಷ್ಯ ಅದೇ ಕ್ಷಣ ಹಾಡುವುದು ಆಗದ ಮಾತು, ತಾಳ ಹಿಡಿಯುವ ತಬಲಾ ಠೇಕಾ ಶಿಷ್ಯನ ಕಡೆಯಲ್ಲೇ ನುಡಿಯುತ್ತಿರಬೇಕು. ವೇದಿಕೆಗಳ ಸ್ವಂತ ತರಗತಿಕೋಣೆಯಲ್ಲಿ ಇಂಥ ಆಯ್ಕೆ ಇದೆಯೇ ಎಂದು ಪರೀಕ್ಷಿಸದೆ, ಹಿಂದುಸ್ತಾನಿ ಗಾಯನವನ್ನೋ ಯಕ್ಷಗಾನದ ಭಾಗವತಿಕೆಯನ್ನೋ ಅಲ್ಲಿ ಪಟ್ಟಿ ಮಾಡಬೇಡಿ.

ಕರೆಂಟು, ಕೇಬಲ್ಲು, ಗಡಿಯಾರ

ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಿದ ದಿನ ಇಲ್ಲಿ ಶಾಲೆಗಳು ಮುಚ್ಚಿರುತ್ತವೆ, ಬರ್ಲಿನ್‌ನಲ್ಲಿರುವ ವಿದ್ಯಾರ್ಥಿ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಕಾಯುತ್ತಿರುತ್ತಾನೆ. ಸ್ವಂತ ವಿದ್ಯಾರ್ಥಿಯ ಮನೆಯವರಿಗೆ ‘ಕರೆಂಟಿಲ್ಲ, ನಾಳೆ ಮಾಡೋಣ’ ಎಂದರೆ ಮುಗಿಯಿತು, ಅವರ ಊರೂ ಇದೇ. ಕಮಿಷನ್ ವೇದಿಕೆಗೆ ಗೊತ್ತಾಗುವುದು ಶಿಕ್ಷಕರು ಬರಲಿಲ್ಲ ಎಂಬುದಷ್ಟೇ. ಹಣ ವಿದ್ಯಾರ್ಥಿಗೆ ಮರಳುತ್ತದೆ, ತಪ್ಪಿದ ಪಾಠ ನಿಮ್ಮ ದಾಖಲೆಗೆ ಸೇರುತ್ತದೆ, ಹುಡುಕಾಟದ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗಿಳಿಯಬಹುದು. ಗಂಟೆ ಲೆಕ್ಕದ ಕಂಪನಿಯಲ್ಲಿ ನೇರ ಕಡಿತವೇ. ಹೀಗಾಗಿ ಹೆಸ್ಕಾಂನವರು ಪತ್ರಿಕೆಗಳಲ್ಲಿ ಕೊಡುವ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ನೋಡಿಕೊಂಡು ವಾರದ ಸ್ಲಾಟ್‌ಗಳನ್ನು ತೆರೆಯುವ ಅಭ್ಯಾಸ ಬೇಕು. ಒಂದು ದಿನ ಮೊದಲೇ ಪಾಠವನ್ನು ಮುಂದೂಡಿದರೆ ಹೆಚ್ಚಿನ ವೇದಿಕೆಗಳು ತಪ್ಪೆಣಿಸುವುದಿಲ್ಲ, ಐದು ನಿಮಿಷ ಮೊದಲು ಹೇಳಿದರೆ ಎಣಿಸುತ್ತವೆ.

ಮನೆಗೆ ಇನ್‌ವರ್ಟರ್ ಇಲ್ಲದಿದ್ದರೂ ರೂಟರ್‌ಗೆ ಮಾತ್ರ ಹಾಕುವ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದ್ದರೆ ಒಂದೆರಡು ಕ್ಲಾಸು ಸಾಗುತ್ತದೆ. ಮರ ಬಿದ್ದು ಫೈಬರ್ ಕೇಬಲ್ ತುಂಡಾದರೆ ಅದೂ ಉಪಯೋಗಕ್ಕಿಲ್ಲ, ಆಗ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನೇ ಗತಿ. ತೋಟದ ನಡುವಿನ ಮನೆಗಳಲ್ಲಿ ಜಗಲಿಯಲ್ಲಿ ಸಿಗುವ ನೆಟ್‌ವರ್ಕ್ ಒಳಕೋಣೆಯಲ್ಲಿ ಸಿಗುವುದಿಲ್ಲವಾದ್ದರಿಂದ, ಪಾಠದ ಕುರ್ಚಿ ಎಲ್ಲಿರಬೇಕೆಂಬುದನ್ನು ಅಪ್‌ಲೋಡ್ ವೇಗ ನೋಡಿಯೇ ತೀರ್ಮಾನಿಸಬೇಕು. 2 ಎಂಬಿಪಿಎಸ್ ಅಪ್‌ಲೋಡ್ ಏರಿಳಿತವಿಲ್ಲದೆ ಸಿಕ್ಕರೆ ಒಬ್ಬ ವಿದ್ಯಾರ್ಥಿಯ ಪಾಠಕ್ಕೆ ಸಾಕು. ಇಷ್ಟೂ ಇಲ್ಲದವರು ಮಳೆಗಾಲ ಮುಗಿಯುವವರೆಗೆ ರೇಟಿಂಗ್ ಇರುವ ವೇದಿಕೆಗೆ ಹೋಗದಿರುವುದೇ ಲೇಸು. ಹೊಸ ಖಾತೆಗೆ ಬಿದ್ದ ಮೊದಲ ಎರಡು ಕೆಟ್ಟ ರಿವ್ಯೂಗಳನ್ನು ಅಳಿಸಲು ಇಡೀ ಬೇಸಗೆ ಸಾಲದು.

ಸಮಯದ ಹೊಂದಾಣಿಕೆಯಲ್ಲಿ ಗಲ್ಫ್ ನಮಗೆ ಎಲ್ಲಕ್ಕಿಂತ ಅನುಕೂಲ. ದುಬೈ ನಮಗಿಂತ ಒಂದೂವರೆ ಗಂಟೆ ಮಾತ್ರ ಹಿಂದೆ. ಅಲ್ಲಿ ಮಗು ಶಾಲೆಯಿಂದ ಬಂದು ಸಂಜೆ 4ಕ್ಕೆ ಕುಳಿತರೆ ಇಲ್ಲಿ 5.30. ಕ್ಯಾಲಿಫೋರ್ನಿಯಾದವರಿಗೆ ಬೇಸಗೆಯಲ್ಲಿ ಸಂಜೆ 6 ಗಂಟೆಯೆಂದರೆ ನಮಗೆ ಮರುದಿನ ಬೆಳಗಿನ 6.30, ಮನೆಯಲ್ಲಿ ಹಾಲು ಕರೆಯುವ, ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತು. ಅಮೆರಿಕದವರು ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಇಡುತ್ತಾರೆ, ಹಾಗಾಗಿ ಚಳಿಗಾಲದಲ್ಲಿ ಅದೇ ಸಂಜೆ 6ರ ಪಾಠ ನಮಗೆ 7.30ಕ್ಕೆ ಬೀಳುತ್ತದೆ. ವೇದಿಕೆಯ ಕ್ಯಾಲೆಂಡರ್ ಇದನ್ನು ತಾನೇ ತೋರಿಸುತ್ತದೆ; ಸ್ವಂತವಾಗಿ ನಡೆಸುವವರು ಈ ಎರಡು ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿರಬೇಕು.

ಕಾನೂನು ಮತ್ತು ಹಣಕಾಸು

ಶಾಲಾ ಶಿಕ್ಷಕರಾಗಿದ್ದು ಬಿಡುವಿನಲ್ಲಿ ಪಾಠ ಹೇಳಬಯಸುವವರು, ಯಾವ ವೇದಿಕೆಯೆಂದು ನೋಡುವ ಮೊದಲು, 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೇ ಕಲಮನ್ನು ಓದಬೇಕು. ಶಿಕ್ಷಕರು ಖಾಸಗಿ ಟ್ಯೂಷನ್‌ನಲ್ಲಿ ತೊಡಗಬಾರದೆಂದು ಅದು ಹೇಳುತ್ತದೆ, ಆನ್‌ಲೈನ್ ಎಂಬ ವಿನಾಯಿತಿ ಅದರಲ್ಲಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂಬ ಮಾರ್ಗಸೂಚಿಯ ಬಗ್ಗೆಯೂ ಅನೇಕರು ಹೆದರುತ್ತಾರೆ. ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗೆ ಸಂಬಂಧಿಸಿದ್ದು.

ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದ ಮೇಲಿನ ಮಾತು. ಕಾರವಾರದವರಿಗೆ ಗೋವಾದ ವಿದ್ಯಾರ್ಥಿ ಸಿಕ್ಕರೂ, ಅಂದರೆ ಸೇವೆ ರಾಜ್ಯದ ಗಡಿ ದಾಟಿದರೂ, ಇದೇ ಮಿತಿ. ವೇದಿಕೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿತ ಮಾಡಿದ್ದರೆ ಅದು ನಿಮ್ಮ ಪ್ಯಾನ್‌ನ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತದೆ, ಆದಾಯ ತೆರಿಗೆ ಕಟ್ಟುವಷ್ಟು ಇಲ್ಲದಿದ್ದರೂ ರಿಟರ್ನ್ಸ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು. ಡಾಲರಿನಲ್ಲಿ ಬರುವ ಹಣಕ್ಕೆ ವೇದಿಕೆಯ ಕಮಿಷನ್ ಅಲ್ಲದೆ, ಪೇಪಾಲ್ ಅಥವಾ ಪೇಯೊನೀರ್‌ನಂಥ ಮಧ್ಯವರ್ತಿಯ ಶುಲ್ಕ, ರೂಪಾಯಿಗೆ ಬದಲಿಸುವಾಗಿನ ವಿನಿಮಯ ದರದ ವ್ಯತ್ಯಾಸ ಎರಡೂ ಹೋಗುತ್ತವೆ. ವಾರವಾರ ತೆಗೆಯುವ ಬದಲು ತಿಂಗಳಿಗೊಮ್ಮೆ ತೆಗೆದರೆ ಪ್ರತಿ ಸಲದ ಶುಲ್ಕ ಉಳಿಯುತ್ತದೆ.

ವೇದಿಕೆಯ ಖಾತೆ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ಮದುವೆಯ ಮೊದಲಿನ ಹೆಸರಿನಲ್ಲಿ ಪ್ಯಾನ್, ಗಂಡನ ಮನೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಅವರ ಮೊದಲ ಪಾವತಿ ತಡೆಹಿಡಿಯಲ್ಪಟ್ಟು, ದಾಖಲೆ ಕಳಿಸಿ ಎಂಬ ಮೇಲ್‌ಗಳು ಶುರುವಾಗುತ್ತವೆ. ಪ್ಯಾನ್ ತಿದ್ದುಪಡಿಗೆ ವಾರಗಳು ಹಿಡಿಯುವುದರಿಂದ ಪ್ರೊಫೈಲ್ ಬರೆಯುವುದಕ್ಕೂ ಮೊದಲು ಆ ಅರ್ಜಿಯನ್ನು ಹಾಕಿಬಿಡುವುದು ಒಳ್ಳೆಯದು.